ಬೈಂಡಿಂಗ್ ಕೂರಿಸುವ ಜಾಗವೂ ಮುಖ್ಯ

ಮಾನ್ಯ ಸಂಪಾದಕರೆ,

ಚಳಿಗಾಲದ ಒಲಿಂಪಿಕ್ಸ್ ಬಂದಾಗ ನಮ್ಮ ಪತ್ರಿಕೆಗಳು ಫ್ರೀಸ್ಟೈಲ್ ಸ್ಕೀಯಿಂಗ್‌ನ ಪದಕಗಳನ್ನು ವರದಿ ಮಾಡುತ್ತವೆಯೇ ಹೊರತು, 2014ರಲ್ಲಿ ಸೋಚಿಯಲ್ಲಿ ಸೇರ್ಪಡೆಯಾದ, ಇಳಿಜಾರಿನ ಕಂಬಿ ಮತ್ತು ಜಿಗಿತದ ದಿಬ್ಬಗಳಲ್ಲಿ ಕಸರತ್ತು ತೋರಿಸುವ ಸ್ಲೋಪ್‌ಸ್ಟೈಲ್‌ನಂಥ ಸ್ಪರ್ಧೆಗಳಲ್ಲಿ ಸಲಕರಣೆಯ ಪಾತ್ರವೇನೆಂದು ವಿವರಿಸುವುದು ಅಪರೂಪ. ಇಲ್ಲಿ ಕೊಲೊರಾಡೊದಲ್ಲಿ ಮಕ್ಕಳಿಗೆ ಸ್ಕೀ ಕೊಡಿಸುವ ಕನ್ನಡಿಗರಿಗೂ ಉಪಯೋಗವಾದೀತೆಂದು ಇದನ್ನು ಬರೆಯುತ್ತಿದ್ದೇನೆ.

ಎರಡೂ ತುದಿ ಮೇಲಕ್ಕೆ ಬಾಗಿರುವ ಸ್ಕೀಯ ನಟ್ಟನಡುವೆ, ಬೂಟನ್ನು ಹಿಡಿದಿಡುವ ಬೈಂಡಿಂಗನ್ನು ಕೂರಿಸಿದರೆ ಹಿಂದುಮುಂದಿನ ಉದ್ದ ಸಮನಾಗಿ, ಗಾಳಿಯಲ್ಲಿ ತಿರುಗುವುದೂ ಹಿಮ್ಮುಖವಾಗಿ ಜಾರುವುದೂ ಸಲೀಸಾಗುತ್ತದೆ. ಆದರೆ ಮುಂಭಾಗ ಮೊಟಕಾಗುವುದರಿಂದ ಆಳವಾದ ಹೊಸ ಹಿಮದಲ್ಲಿ ತುದಿ ಹೂತುಕೊಳ್ಳುತ್ತದೆ, ವೇಗ ಹೆಚ್ಚಿದಾಗ ಸ್ಥಿರತೆಯೂ ತಗ್ಗುತ್ತದೆ. ಆದ್ದರಿಂದ ಜಿಗಿತದ ಜೊತೆಗೆ ಬೆಟ್ಟವನ್ನೆಲ್ಲ ಸುತ್ತುವವರಿಗೆ ನಡುವಿನಿಂದ ಕೆಲವು ಸೆಂಟಿಮೀಟರ್ ಹಿಂದಿನ ಜಾಗವೇ ಒಳ್ಳೆಯದು. ಫ್ರೀಸ್ಟೈಲ್ ಎಂದೊಡನೆ ಎಲ್ಲರಿಗೂ ನಡುವನ್ನೇ ಸೂಚಿಸುವ ಅಂಗಡಿಯವರ ರೂಢಿ ನನಗಂತೂ ಒಪ್ಪಿಗೆಯಿಲ್ಲ. ಕಲಿಯುವ ಮಕ್ಕಳು ದಿನದ ಬಹುಪಾಲು ಸಾಮಾನ್ಯ ಇಳಿಜಾರಿನಲ್ಲೇ ಇರುತ್ತಾರಲ್ಲವೇ?

ತಯಾರಕರು ಸ್ಕೀಯ ಮೇಲೆ ಶಿಫಾರಸಿನ ಗೆರೆಯೊಂದನ್ನು ಗುರುತಿಸಿರುತ್ತಾರೆ. ಬೂಟಿನ ತಳದ ಮಧ್ಯಬಿಂದುವಿನ ಗುರುತು ಅದಕ್ಕೆ ಹೊಂದಬೇಕು. ಒಮ್ಮೆ ಕೊರೆದ ರಂಧ್ರಗಳ ತೀರ ಸಮೀಪದಲ್ಲಿ ಮತ್ತೆ ಕೊರೆದರೆ ಸ್ಕೀ ದುರ್ಬಲವಾಗಿ ಸ್ಕ್ರೂ ಕಿತ್ತುಬರುವ ಅಪಾಯವಿರುವುದರಿಂದ, ಒಂದೆರಡು ಸೆಂಟಿಮೀಟರಿನ ಅನುಮಾನ ಇರುವವರು ಹಳಿಯ ಮೇಲೆ ಹಿಂದೆ ಮುಂದೆ ಸರಿಸಬಹುದಾದ ಬೈಂಡಿಂಗ್ ಇರುವ ಬಾಡಿಗೆ ಸ್ಕೀಯಲ್ಲಿ ಮೊದಲು ಪರೀಕ್ಷಿಸಿ ನೋಡುವುದು ಲೇಸು.

ಇಂತಿ,
ಓರ್ವ ಓದುಗ, ಡೆನ್ವರ್