ಭಾನುವಾರ ಗಾಳ ಹಾಕಲು ಬರುವವರಿಗೆ: ಬೆಚ್ಚಗೆ ಬನ್ನಿ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಬೆಳಗ್ಗೆ 5.30ಕ್ಕೆ ಹೊರಡುವವರೆಲ್ಲ ದಯವಿಟ್ಟು ಇದನ್ನು ಪೂರ್ತಿ ಓದಿ. ಚಳಿ ಜಾಸ್ತಿ ಇದೆ, ನೀರಿನ ಹತ್ತಿರ ಗಾಳಿ ಇನ್ನೂ ಕೊರೆಯುತ್ತದೆ.

ಒಳಗೆ ಹತ್ತಿ ಬನಿಯನ್ ಬೇಡ. ಅದು ಬೆವರು ಹೀರಿ ಒದ್ದೆಯಾಗೇ ಉಳಿಯುತ್ತದೆ, ಮೈ ತಣ್ಣಗಾಗುತ್ತದೆ. ತೆಳು ಉಣ್ಣೆ ಅಥವಾ ಪಾಲಿಯೆಸ್ಟರ್‌ನದು ಹಾಕಿ. ಮೇಲೆ ಸ್ವೆಟರ್, ಅದರ ಮೇಲೆ ಗಾಳಿ, ನೀರು ತಡೆಯುವ ಜಾಕೆಟ್. ನಡೆಯುವಾಗ ಸೆಕೆಯಾದರೆ ಒಂದು ಪದರ ತೆಗೆದುಬಿಡಿ.

ಎರಡೆರಡು ಸಾಕ್ಸ್ ತುರುಕಿ ಬೂಟು ಬಿಗಿ ಮಾಡಿಕೊಳ್ಳಬೇಡಿ. ರಕ್ತ ಸರಿಯಾಗಿ ಓಡದೆ ಪಾದ ಇನ್ನೂ ಬೇಗ ಮರಗಟ್ಟುತ್ತದೆ. ಒಳಗೆ ಬೆರಳು ಆಡಿಸುವಷ್ಟು ಜಾಗ ಇರಲಿ. ದಾರಕ್ಕೆ ಗಂಟು ಹಾಕಬೇಕಲ್ವಾ, ಬೆರಳ ತುದಿ ತೆರೆದ ಗ್ಲೌಸ್ ಒಳ್ಳೆಯದು. ಮೀನು ಬಿಡಿಸಿದ ಮೇಲೆ ಕೈ ಒರೆಸಲು ಒಣ ಬಟ್ಟೆ ಜೇಬಲ್ಲೇ ಇರಲಿ.

ಟೋಪಿ ಮರೆಯಬೇಡಿ. ಬದಲಿ ಬಟ್ಟೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ತನ್ನಿ. ದೋಣಿ ಹತ್ತುವವರು ಎಲ್ಲದರ ಮೇಲೆ ಲೈಫ್ ಜಾಕೆಟ್ ಹಾಕಲೇಬೇಕು, ಇದರಲ್ಲಿ ವಿನಾಯಿತಿ ಇಲ್ಲ.

ನಡುಕ ನಿಲ್ಲದಿದ್ದರೆ ಸುಮ್ನೆ ಸಹಿಸಬೇಡಿ, ಹೇಳಿ. ಪಕ್ಕದವರ ಮಾತು ತೊದಲಿದರೆ ತಕ್ಷಣ ಎಲ್ಲರನ್ನೂ ಕರೆಯಿರಿ.

ಬರುವವರು ಶುಕ್ರವಾರ ರಾತ್ರಿಯೊಳಗೆ ಇಲ್ಲೇ ತಿಳಿಸಿ. ಜಾಕೆಟ್ ಇಲ್ಲದವರು ಸಂಕೋಚವಿಲ್ಲದೆ ಕೇಳಿ. ಹೆಚ್ಚಿಗೆ ಇರುವವರು ಒಂದು ತನ್ನಿ.