ಪೀಟ್ ಸೀಗರ್ ಅವರಿಗೂ, ಅವರೊಡನೆ ದನಿಗೂಡಿಸಿದವರಿಗೂ

2014ರ ಜನವರಿ 27ರಂದು ನ್ಯೂಯಾರ್ಕಿನಲ್ಲಿ ತಮ್ಮ 94ನೆಯ ವಯಸ್ಸಿನಲ್ಲಿ ತೀರಿಕೊಂಡ ಅಮೆರಿಕದ ಜನಪದ ಗಾಯಕ ಪೀಟ್ ಸೀಗರ್ ಅವರ ನೆನಪಿಗಾಗಿ ನಾವು ಕೆಲವು ಗೆಳೆಯರು ಏರ್ಪಡಿಸಿದ್ದ ಹಾಡಿನ ಸಂಜೆಗೆ ಬಂದವರಿಗೆಲ್ಲ ಮನಃಪೂರ್ವಕ ವಂದನೆಗಳು. ಅಂದು ಭಾಷಣ ಬೇಡ, ಹಾಡು ಸಾಕು ಎಂದು ಮೊದಲೇ ನಿಶ್ಚಯಿಸಿದ್ದೆವು. ಕಾರ್ಯಕ್ರಮದ ಕೊನೆಯ ವಂದನಾರ್ಪಣೆಗೆ ಯಾರೂ ಕಿವಿಗೊಡುವುದಿಲ್ಲವೆಂಬುದು ಎಲ್ಲರೂ ಬಲ್ಲ ಸಂಗತಿಯಾದ್ದರಿಂದ ಅದನ್ನೂ ಕೈಬಿಟ್ಟಿದ್ದೆವು. ಆ ಬಾಕಿಯನ್ನು ಇಲ್ಲಿ ತೀರಿಸುತ್ತಿದ್ದೇನೆ.

ಸೀಗರ್ ಅವರದು ಅಸಾಧಾರಣ ಕಂಠವೇನಲ್ಲ. ಬ್ಯಾಂಜೋ ಎಂಬ ತಂತಿವಾದ್ಯ ನುಡಿಸುವುದರಲ್ಲಿ ಅವರನ್ನು ಮೀರಿಸಿದವರು ಅವರ ನಾಡಿನಲ್ಲೇ ಹಲವರಿದ್ದಾರೆ. ಆದರೆ ಸಭಿಕರನ್ನು ಹಾಡಿಸುವುದರಲ್ಲಿ ಅವರಿಗೆ ಸರಿಸಾಟಿಯಾದವರನ್ನು ನಾನಂತೂ ಕೇಳಿಲ್ಲ. ಸಭೆಗಳಲ್ಲಿ ಮಾಡಿದ ಅವರ ಧ್ವನಿಮುದ್ರಣಗಳನ್ನು ಗಮನವಿಟ್ಟು ಆಲಿಸಿದರೆ ಆ ವಿದ್ಯೆಯ ಗುಟ್ಟು ಸ್ವಲ್ಪ ತಿಳಿಯುತ್ತದೆ. ಒಂದು ಸಾಲು ಮುಗಿದು ಇನ್ನೊಂದು ಮೊದಲಾಗುವ ನಡುವಿನ ಚಿಕ್ಕ ಬಿಡುವಿನಲ್ಲಿ, ತಾಳ ಎಳ್ಳಷ್ಟೂ ತಪ್ಪದಂತೆ, ಮುಂದಿನ ಸಾಲನ್ನು ಅವರು ಬರಿಯ ಮಾತಿನಲ್ಲಿ ಸರಸರನೆ ಹೇಳಿಬಿಡುತ್ತಾರೆ. ಹಾಡು ಬರುವುದಿಲ್ಲವೆಂಬ ನೆಪ ಯಾರಿಗೂ ಉಳಿಯುವುದಿಲ್ಲ. ಸಭೆ ಪಲ್ಲವಿಯನ್ನು ಹಿಡಿದುಕೊಂಡಿತೆಂದು ಖಾತ್ರಿಯಾದ ಮೇಲೆ ಗಲ್ಲವೆತ್ತಿ, ತಲೆಯನ್ನು ಹಿಂದಕ್ಕೆ ಚೆಲ್ಲಿ, ಮೂಲ ಮಟ್ಟನ್ನು ಜನರಿಗೇ ಬಿಟ್ಟುಕೊಟ್ಟು ತಾವು ಅದರ ಮೇಲಿನ ದನಿಗೆ ಏರುತ್ತಾರೆ. ತಮ್ಮ ಕಂಠದ ಶ್ರುತಿಗೆ ಹೊಂದಲೆಂದು ಬ್ಯಾಂಜೋವಿನ ಕತ್ತನ್ನು ಮೂರು ಮೆಟ್ಟುಗಳಷ್ಟು (ಫ್ರೆಟ್) ಉದ್ದಗೊಳಿಸಿಕೊಂಡಿದ್ದ ಅವರು, ಅದರ ಚರ್ಮದ ಅಂಚಿನ ಸುತ್ತಲೂ, ಈ ಯಂತ್ರ ದ್ವೇಷವನ್ನು ಸುತ್ತುವರಿದು ಶರಣಾಗಿಸುತ್ತದೆ ಎಂಬ ಅರ್ಥದ ಒಕ್ಕಣೆಯನ್ನು ಬರೆದುಕೊಂಡಿದ್ದರು. ಅಂದು ಸಂಜೆ ಅವರ ಪದ್ಧತಿಯಲ್ಲೇ ಸಾಲುಗಳನ್ನು ಮುಂದಾಗಿ ಹೇಳಿಕೊಡುತ್ತ ಗಂಟಲು ಕಟ್ಟಿಸಿಕೊಂಡ ಗೆಳತಿಗೆ ನಾವೆಲ್ಲ ಋಣಿಗಳು.

ಈ ಮನುಷ್ಯನ ಬಾಯಿ ಕಟ್ಟಲು ನಡೆದ ಯತ್ನಗಳೂ ಸಣ್ಣವಲ್ಲ. 1955ರ ಆಗಸ್ಟಿನಲ್ಲಿ, ಕಮ್ಯುನಿಸ್ಟರೆಂಬ ಶಂಕೆಯಿದ್ದವರ ಬೆನ್ನುಹತ್ತಿದ್ದ ಅಮೆರಿಕದ ಸಂಸತ್ತಿನ ಸಮಿತಿಯೊಂದು ಕರೆಸಿ ವಿಚಾರಿಸಿದಾಗ, ತಮ್ಮ ರಾಜಕೀಯ ನಂಬಿಕೆಗಳ ಬಗೆಗಾಗಲೀ ಒಡನಾಡಿಗಳ ಬಗೆಗಾಗಲೀ ಉತ್ತರಿಸುವುದಿಲ್ಲವೆಂದ ಸೀಗರ್, ಬೇಕಾದರೆ ತಮ್ಮ ಹಾಡುಗಳ ಬಗ್ಗೆ ಹೇಳುತ್ತೇನೆ, ಹಾಡಿಯೂ ತೋರಿಸುತ್ತೇನೆ ಎಂದರು. ಸಮಿತಿಗೆ ಹಾಡು ಬೇಕಿರಲಿಲ್ಲ. ಉತ್ತರಿಸದೆ ಸಂಸತ್ತಿನ ನಿಂದನೆ ಮಾಡಿದರೆಂದು 1961ರಲ್ಲಿ ವಿಧಿಸಲಾದ ಒಂದು ವರ್ಷದ ಸೆರೆವಾಸದ ಶಿಕ್ಷೆಯನ್ನು ಮರುವರ್ಷ ಮೇಲ್ಮನವಿ ನ್ಯಾಯಾಲಯ ರದ್ದುಪಡಿಸಿತಾದರೂ ದೊಡ್ಡ ಟಿ.ವಿ. ಜಾಲಗಳ ಬಾಗಿಲು 1967ರವರೆಗೆ ಅವರಿಗೆ ತೆರೆಯಲಿಲ್ಲ. ಆ ವರ್ಷಗಳಲ್ಲಿ ಅವರು ಕಾಲೇಜು, ಶಾಲೆ, ಮಕ್ಕಳ ಬೇಸಿಗೆ ಶಿಬಿರಗಳನ್ನು ಸುತ್ತಿ ಹಾಡಿದರು. ಅವರನ್ನು ಕೇಳುತ್ತ ಒಂದು ಪೀಳಿಗೆಯೇ ಗಿಟಾರು, ಬ್ಯಾಂಜೋಗಳನ್ನು ಕೈಗೆತ್ತಿಕೊಂಡಿತು. ಅವರು ಹೇಳಿದ್ದೆಲ್ಲ ಸರಿಯೆಂದು ನಾನು ವಾದಿಸುವುದಿಲ್ಲ. ಸೋವಿಯತ್ ಸರ್ವಾಧಿಕಾರಿ ಸ್ಟಾಲಿನ್ ನಡೆಸಿದ ದಬ್ಬಾಳಿಕೆಯ ವಿಷಯದಲ್ಲಿ ಅವರು ಬಹುಕಾಲ ಕಣ್ಣು ಮುಚ್ಚಿಕೊಂಡಿದ್ದರು. ಅದನ್ನು ತಡವಾಗಿಯಾದರೂ ತಾವೇ ಒಪ್ಪಿಕೊಂಡರೆಂಬುದನ್ನೂ ಹೇಳಬೇಕು.

ನಮ್ಮಲ್ಲಿ ಹೆಚ್ಚಿನವರು ಅವರ ಹೆಸರು ಕೇಳುವ ಮೊದಲೇ, ಶಾಲೆಯ ಪ್ರಾರ್ಥನೆಯ ಸಾಲಿನಲ್ಲಿ ನಿಂತು, ‘ವಿ ಶಲ್ ಓವರ್‌ಕಮ್’ ಹಾಡಿನ ಹಿಂದಿ ರೂಪವಾದ ‘ಹಮ್ ಹೋಂಗೆ ಕಾಮ್ಯಾಬ್’ ಅನ್ನು ಹಾಡಿದ್ದೆವು. ಅದನ್ನು ಜಗತ್ತಿಗೆ ಮುಟ್ಟಿಸಿದವರಲ್ಲಿ ಸೀಗರ್ ಪ್ರಮುಖರು. ಆದರೆ ಅದು ತಾನು ಕಟ್ಟಿದ ಹಾಡೆಂದು ಅವರು ಹೇಳಿಕೊಳ್ಳಲಿಲ್ಲ. ಕಪ್ಪು ಜನರ ಚರ್ಚುಗಳಲ್ಲಿ ಬೇರುಳ್ಳ ಆ ಹಾಡನ್ನು 1940ರ ದಶಕದಲ್ಲಿ ಅಮೆರಿಕದ ದಕ್ಷಿಣ ಕರೊಲಿನಾ ರಾಜ್ಯದ ಚಾರ್ಲ್ಸ್‌ಟನ್ನಿನ ತಂಬಾಕು ಕಾರ್ಖಾನೆಯ ಮುಷ್ಕರದಲ್ಲಿ ದುಡಿಮೆಗಾರ್ತಿಯರು ಹಾಡಿದರು. ಅವರಿಂದ, ಕಾರ್ಮಿಕ ಸಂಘಟಕರಿಗೆ ತರಬೇತಿ ಕೊಡುತ್ತಿದ್ದ ಟೆನೆಸಿ ರಾಜ್ಯದ ಹೈಲ್ಯಾಂಡರ್ ಶಾಲೆಯ ಜಿಲ್ಫಿಯಾ ಹಾರ್ಟನ್ ಕಲಿತರು. ಆಕೆಯಿಂದ ಸೀಗರ್ ಕಲಿತರು. ಮುಂದೆ ಅವರ ಹೆಸರೂ ಸೇರಿದಂತೆ ಕೆಲವರ ಹೆಸರಿನಲ್ಲಿ ಹಕ್ಕುಸ್ವಾಮ್ಯ ದಾಖಲಾದಾಗ, ಬರುವ ಗೌರವಧನವೆಲ್ಲ ಹೈಲ್ಯಾಂಡರ್ ನೋಡಿಕೊಳ್ಳುವ ನಿಧಿಗೆ ಸಲ್ಲುವಂತೆ ಏರ್ಪಾಡಾಯಿತು. ಹಾಗಾಗಿ ನಮ್ಮ ಕೃತಜ್ಞತೆ ಆ ಹಕ್ಕುಸ್ವಾಮ್ಯದಲ್ಲಿ ಹೆಸರು ದಾಖಲಾಗದ ಆ ಹೆಂಗಸರಿಗೂ ಸಲ್ಲಬೇಕು.

ಸೀಗರ್ ಅವರ ಪತ್ನಿ ತೋಶಿ ಅವರನ್ನು ಬಿಟ್ಟರೆ ಈ ಬರಹ ಅರ್ಧವಾದೀತು. 1943ರಲ್ಲಿ ಮದುವೆಯಾದ ಈ ದಂಪತಿ 1949ರಲ್ಲಿ ಹಡ್ಸನ್ ನದಿಯ ದಡದ ಬೀಕನ್ ಎಂಬಲ್ಲಿ ಜಾಗ ಕೊಂಡು ಮರದ ದಿಮ್ಮಿಗಳ ಮನೆಯನ್ನು ತಾವೇ ಕಟ್ಟಿಕೊಂಡರು. ಗಂಡ ಊರೂರು ಸುತ್ತುವಾಗ ಮಕ್ಕಳನ್ನು ಸಾಕಿದವರು, ಲೆಕ್ಕಪತ್ರ ಇಟ್ಟವರು, ಕಾರ್ಯಕ್ರಮಗಳನ್ನು ಗೊತ್ತುಮಾಡಿದವರು ತೋಶಿ. ಕೊಳಕಾಗಿದ್ದ ಆ ನದಿಯತ್ತ ಜನರ ಗಮನ ಸೆಳೆಯಲು 1969ರಲ್ಲಿ ನೀರಿಗಿಳಿಸಿದ ಕ್ಲಿಯರ್‌ವಾಟರ್ ಎಂಬ ಹಾಯಿಹಡಗಿನ ಹಿಂದೆಯೂ, ಅದರ ಹೆಸರಿನ ಸಂಗೀತೋತ್ಸವದ ಹಿಂದೆಯೂ ಅವರ ದುಡಿಮೆಯಿದೆ. 2013ರ ಜುಲೈಯಲ್ಲಿ, ಮದುವೆಯ ಎಪ್ಪತ್ತನೆಯ ವರ್ಷ ತುಂಬಲು ಕೆಲವೇ ದಿನಗಳಿರುವಾಗ, ಅವರು ತೀರಿಕೊಂಡರು. ಹಾಡುಗಾರನ ಬಗ್ಗೆ ಪುಟಗಟ್ಟಲೆ ಬರೆದವರು ಇವರಿಗೆ ಒಂದೆರಡು ಸಾಲು ಮೀಸಲಿಟ್ಟದ್ದು ನನಗೆ ಸರಿಕಂಡಿಲ್ಲ.

ಇನ್ನು ನಮ್ಮ ಸಂಜೆಯ ಲೆಕ್ಕ. ಜಾಗ ಕೊಟ್ಟವರು ಬಾಡಿಗೆ ಪಡೆಯಲಿಲ್ಲ. ಮೈಕು ಕೈಕೊಟ್ಟಾಗ ಯಾರೂ ಎದ್ದುಹೋಗದೆ ಇನ್ನಷ್ಟು ಗಟ್ಟಿಯಾಗಿ ಹಾಡಿದ್ದು ಎಲ್ಲಕ್ಕಿಂತ ಹೆಚ್ಚಿನ ಉಪಕಾರ. ಶ್ರುತಿ ಸೇರದಿದ್ದರೂ ಕೊನೆಯವರೆಗೂ ಬಿಡದೆ ಹಾಡಿದ ಹಿಂದಿನ ಸಾಲಿನ ಹಿರಿಯರಿಗೆ ವಿಶೇಷ ನಮಸ್ಕಾರ. ಹಾಡುಗಳ ಸಾಹಿತ್ಯ ಅಚ್ಚುಮಾಡಿದ ಹಾಳೆಗಳು ಇನ್ನೂ ಒಂದು ಕಟ್ಟಿನಷ್ಟು ಉಳಿದಿವೆ. ಮಕ್ಕಳಿಗೆ ಕಲಿಸಬೇಕೆನ್ನುವವರು ಕೇಳಿದರೆ ಸಂತೋಷದಿಂದ ಕಳುಹಿಸುತ್ತೇವೆ.