ಹಳೆಯ ದೋಣಿ ಮೋಟಾರು: ನೀರಿಗಿಳಿಸಿ ನೋಡದೆ ಹಣ ಕೊಡಬೇಡಿ

ಮಾನ್ಯ ಸಂಪಾದಕರೇ,

2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು ಮತ್ತು ಸರ್ಜಾಪುರ ರಸ್ತೆಯ ಕಡೆ, 2024ರ ಅಕ್ಟೋಬರಿನಲ್ಲಿ ಯಲಹಂಕದ ಕೇಂದ್ರೀಯ ವಿಹಾರದಲ್ಲಿ, 2025ರ ಮೇ ತಿಂಗಳಲ್ಲಿ ಹೊರಮಾವಿನ ಸಾಯಿ ಲೇಔಟಿನಲ್ಲಿ ಮಳೆನೀರು ನುಗ್ಗಿ ಜನರನ್ನು ದೋಣಿಗಳಲ್ಲಿ ಹೊರಗೆ ಕರೆತರಬೇಕಾಯಿತು. ಅಂದಿನಿಂದ ತಗ್ಗು ಬಡಾವಣೆಗಳ ಕೆಲವು ನಿವಾಸಿಗಳು ಸಂಘದ ಹಣದಲ್ಲಿ ಒಂದು ರಬ್ಬರ್ ದೋಣಿಯನ್ನೂ ಅದಕ್ಕೊಂದು ಸೆಕೆಂಡ್ ಹ್ಯಾಂಡ್ ಔಟ್‌ಬೋರ್ಡ್ ಮೋಟಾರನ್ನೂ (ದೋಣಿಯ ಹಿಂಬದಿಗೆ ಹೊರಗಿನಿಂದ ಬಿಗಿಯುವ ಎಂಜಿನ್) ಕೊಂಡಿಡುವ ಆಲೋಚನೆಯಲ್ಲಿದ್ದಾರೆ. ಎಂಜಿನ್ ರಿಪೇರಿಯಲ್ಲೇ ಬದುಕು ಸವೆಸಿದ ನನ್ನ ಬಳಿ ಇಂಥವರು ಸಲಹೆ ಕೇಳಲು ಬರುತ್ತಾರೆ. ಆದರೆ ಬಹುತೇಕರು ಬರುವುದು ಹಣ ಕೊಟ್ಟು ಮೋಟಾರು ತಂದ ಮೇಲೆ. ಆದ್ದರಿಂದ ಕೊಳ್ಳುವ ಮೊದಲೇ ತಿಳಿದಿರಬೇಕಾದ ಕೆಲವು ಸಂಗತಿಗಳನ್ನು ತಮ್ಮ ಪತ್ರಿಕೆಯ ಮೂಲಕ ಹೇಳಬಯಸುತ್ತೇನೆ.

ಮಾರುವವರು ಸಾಮಾನ್ಯವಾಗಿ ಮೋಟಾರನ್ನು ಗೋದಾಮಿನ ಸ್ಟ್ಯಾಂಡಿಗೆ ಬಿಗಿದು, ಹಗ್ಗ ಎಳೆದು, ಅರ್ಧ ನಿಮಿಷ ಅಬ್ಬರಿಸಿ ತೋರಿಸುತ್ತಾರೆ. ಇದನ್ನು ಪರೀಕ್ಷೆಯೆಂದು ಒಪ್ಪಲೇಬಾರದು. ಔಟ್‌ಬೋರ್ಡ್ ಮೋಟಾರು ತಾನು ಮುಳುಗಿರುವ ನೀರನ್ನೇ ಎಳೆದುಕೊಂಡು ತಣ್ಣಗಾಗುತ್ತದೆ. ಆ ನೀರನ್ನು ಮೇಲೆತ್ತುವ ಪಂಪಿನೊಳಗೆ ರಬ್ಬರಿನ ಇಂಪೆಲ್ಲರ್, ಅಂದರೆ ನೀರನ್ನು ತಳ್ಳುವ ಸಣ್ಣ ಚಕ್ರ, ಇರುತ್ತದೆ. ನೀರಿಲ್ಲದೆ ಓಡಿಸಿದರೆ ಅದರ ರಬ್ಬರ್ ಎಲೆಗಳು ಕೆಲವೇ ಸೆಕೆಂಡುಗಳಲ್ಲಿ ಉಜ್ಜಿ ಹಾಳಾಗತೊಡಗುತ್ತವೆ. ಹೀಗೆ ಒಣದಾಗಿ ಓಡಿಸಿ ತೋರಿಸುವವರು ಮೋಟಾರಿನ ಆರೋಗ್ಯವನ್ನು ತೋರಿಸಿದಂತಾಗುವುದಿಲ್ಲ, ಇದ್ದ ಆರೋಗ್ಯವನ್ನೂ ಕೆಡಿಸಿದಂತಾಗುತ್ತದೆ.

ನೋಡಲು ಹೋದಾಗ ಮೊದಲು ಎಂಜಿನ್ ಮುಟ್ಟಿ ನೋಡಬೇಕು. ಅದು ಆಗಲೇ ಬೆಚ್ಚಗಿದ್ದರೆ ತಣ್ಣಗಿದ್ದಾಗ ಹೇಗೆ ಸ್ಟಾರ್ಟ್ ಆಗುತ್ತದೆಂಬುದು ತಿಳಿಯುವುದಿಲ್ಲ; ಇನ್ನೊಂದು ದಿನ ಬರುತ್ತೇನೆಂದು ಹೇಳಿ ಎದ್ದು ಬರುವುದೇ ಸರಿ. ಅನಂತರ ಮೇಲಿನ ಮುಚ್ಚಳ ತೆಗೆಸಬೇಕು. ಇಲ್ಲಿ ಸಿಗುವ ಹಳೆಯ ಮೋಟಾರುಗಳಲ್ಲಿ ಕರಾವಳಿಯಲ್ಲಿ ದುಡಿದು ಬಂದವೂ ಇರುತ್ತವೆ. ಹೊರಗೆ ಹೊಸ ಬಣ್ಣ ಬಳಿದಿದ್ದರೂ ಬೋಲ್ಟುಗಳ ಬುಡದಲ್ಲಿ, ಥರ್ಮೋಸ್ಟಾಟಿನ ಸುತ್ತ ಬಿಳಿಯ ಉಪ್ಪಿನ ಹಕ್ಕಳೆ ಉಳಿದಿರುತ್ತದೆ. ಲೋಹವನ್ನು ಕಾಯಲೆಂದೇ ಕೆಳಭಾಗದಲ್ಲಿ ಕೂರಿಸುವ ಸತುವಿನ ತುಂಡು ಪೂರ್ತಿ ಕರಗಿಹೋಗಿದ್ದರೆ, ಅಥವಾ ಅದರ ಮೇಲೂ ಬಣ್ಣ ಬಳಿದಿದ್ದರೆ, ಒಳಗಿನ ನೀರಿನ ದಾರಿಗಳು ಸವೆದಿರುವ ಸಂಭವ ಹೆಚ್ಚು. ನಾಡದೋಣಿಗಳಲ್ಲಿ ಬಳಸುವ ಸೀಮೆಎಣ್ಣೆ ಮೋಟಾರುಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಅವು ಪೆಟ್ರೋಲಿನಲ್ಲಿ ಸ್ಟಾರ್ಟ್ ಆಗಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ಬದಲಾಗುವಂಥವು. ಅದನ್ನು ಪೆಟ್ರೋಲಿನ ಮೋಟಾರೆಂದೇ ಹೇಳಿ ಮಾರಿದರೆ ಅನುಭವವಿಲ್ಲದವರಿಗೆ ಗೊತ್ತಾಗುವುದಿಲ್ಲ.

ಕಂಪ್ರೆಶನ್ ಗೇಜ್ (ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಸಾಧನ) ಇರುವ ಮೆಕ್ಯಾನಿಕ್ ಒಬ್ಬರನ್ನು ಜೊತೆಗೆ ಕರೆದೊಯ್ಯುವುದು ಒಳ್ಳೆಯದು. ಎಲ್ಲ ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿ, ಕಿಡಿ ಹಾರದಂತೆ ಮಾಡಿ, ಥ್ರಾಟಲ್ ಪೂರ್ತಿ ತೆರೆದು ಒಂದೊಂದೇ ಸಿಲಿಂಡರಿನ ಒತ್ತಡ ನೋಡಬೇಕು. ಇಲ್ಲಿ ಬೆಂಗಳೂರಿನವರು ನೆನಪಿಡಬೇಕಾದ ಮಾತೊಂದಿದೆ. ನಮ್ಮ ಊರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿಯ ಗಾಳಿಯ ಒತ್ತಡ ಕರಾವಳಿಗಿಂತ ಹೆಚ್ಚುಕಡಿಮೆ ಶೇ 10ರಷ್ಟು ಕಡಿಮೆ. ಮಂಗಳೂರಿನಲ್ಲಿ 120 ಪಿಎಸ್‌ಐ (ಒತ್ತಡದ ಅಳತೆ) ತೋರಿಸಿದ ಎಂಜಿನ್ ಇಲ್ಲಿ 108ರ ಆಸುಪಾಸಿನಲ್ಲಿ ನಿಂತರೆ ಗಾಬರಿಯಾಗಬೇಕಿಲ್ಲ. ಸಿಲಿಂಡರುಗಳ ನಡುವಿನ ಅಂತರವೇ ಮುಖ್ಯ. ಅದು ಶೇ 10 ದಾಟಿದರೆ ಪಿಸ್ಟನ್ ರಿಂಗ್, ಸಿಲಿಂಡರಿನ ಗೋಡೆ ಅಥವಾ ಗ್ಯಾಸ್ಕೆಟ್ ಕೆಟ್ಟಿದೆಯೆಂದು ಅನುಮಾನಿಸಬೇಕು. ಗಾಳಿಯ ಒತ್ತಡ ಕಡಿಮೆಯಿರುವ ಕಾರಣಕ್ಕೆ ಮೋಟಾರಿನ ಶಕ್ತಿಯೂ ಇಲ್ಲಿ ಅಷ್ಟರಮಟ್ಟಿಗೆ ಇಳಿಯುತ್ತದೆ. 10 ಎಚ್‌ಪಿಯ ಮೋಟಾರು ಇಲ್ಲಿ ಸುಮಾರು 9 ಎಚ್‌ಪಿಯ ಕೆಲಸ ಮಾಡುತ್ತದೆಂದು ಲೆಕ್ಕ ಹಿಡಿದೇ ಕೊಳ್ಳಬೇಕು.

ಕೊಳ್ಳುವವರು ತಪ್ಪದೆ ನೋಡಬೇಕಾದದ್ದು, ಆದರೆ ಹೆಚ್ಚಿನವರು ನೋಡದೇ ಬಿಡುವುದು, ಗೇರ್‌ಬಾಕ್ಸಿನ ಆಯಿಲ್. ಪ್ರೊಪೆಲ್ಲರಿನ ಮುಂದಿನ ಉಬ್ಬಿದ ಭಾಗದ ಪಕ್ಕದಲ್ಲಿ, ತಳಕ್ಕೆ ಹತ್ತಿರವಾಗಿ ಒಂದು ಸ್ಕ್ರೂ ಇರುತ್ತದೆ. ಮೋಟಾರನ್ನು ರಾತ್ರಿಯೆಲ್ಲ ನೆಟ್ಟಗೆ ನಿಲ್ಲಿಸಿ, ಬೆಳಗ್ಗೆ ಆ ಸ್ಕ್ರೂವನ್ನು ಸ್ವಲ್ಪವೇ ಸಡಿಲಿಸಿ ಒಂದು ಬಿಳಿಯ ತಟ್ಟೆಗೆ ಕೆಲವು ಹನಿ ಬೀಳಿಸಬೇಕು. ನೀರು ಆಯಿಲ್‌ಗಿಂತ ಭಾರವಾದ್ದರಿಂದ ಒಳಗೆ ನೀರು ಸೇರಿದ್ದರೆ ಮೊದಲು ಹೊರಬರುವುದೇ ಅದು. ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಒಳಬರದಂತೆ ತಡೆಯುವ ಸೀಲು ಹೋಗಿದೆ, ಒಳಗಿನ ಬೇರಿಂಗ್‌ಗಳಿಗೂ ತುಕ್ಕು ಹಿಡಿದಿರಬಹುದು. ಸ್ಕ್ರೂವಿನ ತುದಿಯಲ್ಲಿ ಲೋಹದ ಸಿಬುರುಗಳು ಅಂಟಿಕೊಂಡಿದ್ದರೆ ಗೇರಿನ ಹಲ್ಲುಗಳೇ ಮುರಿಯುತ್ತಿವೆಯೆಂದು ಅರ್ಥ. ಆಯಿಲ್ ತೀರಾ ಹೊಸದಾಗಿ ಹೊಳೆಯುತ್ತಿದ್ದರೂ ಸಮಾಧಾನಪಡುವಂತಿಲ್ಲ, ದೋಷ ಮುಚ್ಚಲೆಂದೇ ನಿನ್ನೆ ಬದಲಿಸಿರಬಹುದು. ನೀರಿನಲ್ಲಿ ಹತ್ತು ನಿಮಿಷ ಓಡಿಸಿ ಮತ್ತೊಮ್ಮೆ ನೋಡಬೇಕು. ಪ್ರೊಪೆಲ್ಲರ್ ಬಿಚ್ಚಿಸಿದಾಗ ಅದರ ಹಿಂದೆ ಮೀನಿನ ಗಾಳದ ನೂಲು ಸುತ್ತಿಕೊಂಡಿರುವುದು ಸಾಮಾನ್ಯ. ಸೀಲನ್ನು ಕೊರೆಯುವುದು ಹೆಚ್ಚಾಗಿ ಆ ನೂಲೇ. ಪ್ರೊಪೆಲ್ಲರ್ ಕೂರುವ ಶಾಫ್ಟನ್ನು ಕೈಯಿಂದ ತಿರುಗಿಸಿ ಅದರ ತುದಿ ಓಲಾಡುತ್ತದೆಯೇ ಎಂದೂ ನೋಡಬೇಕು. ಓಲಾಡಿದರೆ ಅದು ಕಲ್ಲಿಗೋ ನೆಲಕ್ಕೋ ಬಡಿದು ಬಾಗಿದೆ.

ಇಷ್ಟಾದ ಮೇಲೆಯೇ ಸ್ಟಾರ್ಟ್ ಮಾಡಿಸಬೇಕು, ಅದೂ ಪಂಪ್ ಮುಳುಗುವಷ್ಟು ನೀರು ತುಂಬಿದ ಡ್ರಮ್ಮಿನಲ್ಲಿ. ಹಿಂಬದಿಯ ಸಣ್ಣ ರಂಧ್ರದಿಂದ ನೀರು ಬಿರುಸಾಗಿ ಚಿಮ್ಮಬೇಕು. ತೊಟ್ಟಿಕ್ಕಿದರೆ ಇಂಪೆಲ್ಲರ್ ಸವೆದಿದೆ ಅಥವಾ ದಾರಿ ಕಟ್ಟಿದೆ. ಗೇರು ಮುಂದಕ್ಕೂ ಹಿಂದಕ್ಕೂ ಟಕ್ಕೆಂದು ಕೂರಬೇಕು. ನಡೆಸುವವರ ಮಣಿಕಟ್ಟಿಗೆ ಕಟ್ಟುವ ಸುರಕ್ಷಾ ದಾರವನ್ನು ಎಳೆದ ಕೂಡಲೇ ಎಂಜಿನ್ ನಿಲ್ಲಬೇಕು. ಈ ಕೊನೆಯದು ಕೆಲಸ ಮಾಡದಿದ್ದರೆ, ರಿಪೇರಿ ಆಗುವವರೆಗೆ ಆ ಮೋಟಾರನ್ನು ಜನರಿರುವ ಕಡೆ ಇಳಿಸಲೇಕೂಡದು. ನೀರು ತುಂಬಿದ ಬೀದಿಯಲ್ಲಿ ಜನ ಸೊಂಟದವರೆಗೆ ಮುಳುಗಿ ನಡೆಯುತ್ತಿರುತ್ತಾರೆ, ಅವರ ಕಾಲುಗಳ ಪಕ್ಕದಲ್ಲೇ ಪ್ರೊಪೆಲ್ಲರ್ ತಿರುಗುತ್ತಿರುತ್ತದೆ. ನನ್ನ ಅಭಿಪ್ರಾಯದಲ್ಲಿ ಬಡಾವಣೆಯೊಳಗಿನ ಬೀದಿಗಳಿಗೆ ಹುಟ್ಟು ಮತ್ತು ಹಗ್ಗವೇ ಸಾಕು. ನೀರಿನ ಸೆಳೆತವಿರುವ ಕಡೆಗೆ ಮಾತ್ರ ಮೋಟಾರು ಬೇಕಾಗುತ್ತದೆ, ಅದೂ ಪ್ರೊಪೆಲ್ಲರಿಗೆ ಕಾವಲು ಬಳೆ ಹಾಕಿದ ಮೇಲೆ.

ಮೋಟಾರಿನ ಶಾಫ್ಟಿನ ಉದ್ದ, ಅಂದರೆ ನೀರಿಗಿಳಿಯುವ ಕಾಲಿನ ಉದ್ದ, ದೋಣಿಗೆ ಹೊಂದುತ್ತದೆಯೇ ಎಂದು ಮೊದಲೇ ಅಳೆಯಬೇಕು. ಗಿಡ್ಡದ್ದು ಸುಮಾರು 15 ಇಂಚು, ಉದ್ದದ್ದು ಸುಮಾರು 20 ಇಂಚು. 2023ರ ಫೆಬ್ರುವರಿಯಲ್ಲಿ ನಮ್ಮ ಬೆಂಗಳೂರಿನಲ್ಲೇ ಚಾಲನೆಗೊಂಡ ಇ20, ಅಂದರೆ ಶೇ 20ರಷ್ಟು ಎಥೆನಾಲ್ ಬೆರೆಸಿದ ಪೆಟ್ರೋಲಿನಲ್ಲಿರುವ ಎಥೆನಾಲ್ ನೀರನ್ನು ಹೀರುತ್ತದೆ, ಹಳೆಯ ರಬ್ಬರ್ ಪೈಪುಗಳನ್ನು ಮೆತ್ತಗಾಗಿಸುತ್ತದೆ. ಹಳೆಯ ಮೋಟಾರು ಕೊಂಡವರು ಇಂಧನದ ಪೈಪುಗಳನ್ನು ಬದಲಿಸುವ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಬೇಕು, ಮಳೆಗಾಲ ಮುಗಿದ ಮೇಲೆ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಉಳಿಯಗೊಡಬಾರದು.

ಕಾರು, ಬೈಕುಗಳಿಗಿರುವಂತೆ ಈ ಮೋಟಾರಿಗೆ ಆರ್‌ಸಿ ಪುಸ್ತಕವಿರುವುದಿಲ್ಲ. ದೋಣಿಗೆ ಬಿಗಿಯುವ ಬ್ರಾಕೆಟ್ಟಿನ ಮೇಲಿನ ತಗಡಿನಲ್ಲಿರುವ ಸೀರಿಯಲ್ ಸಂಖ್ಯೆಯೇ ಅದರ ಗುರುತು. ತಗಡು ಕಿತ್ತುಹೋಗಿದ್ದರೆ ಅಥವಾ ಸಂಖ್ಯೆಯನ್ನು ಉಜ್ಜಿದ್ದರೆ ಬೆಲೆ ಎಷ್ಟೇ ಕಡಿಮೆಯಿದ್ದರೂ ಬೇಡವೆನ್ನಬೇಕು. ಯಂತ್ರಚಾಲಿತ ದೋಣಿಗಳ ನೋಂದಣಿ, ತಪಾಸಣೆಗಳ ಬಗ್ಗೆ 2021ರ ಒಳನಾಡು ಹಡಗುಗಳ ಕಾಯ್ದೆ ಇದೆ. ಸಂಘಗಳು ಮೋಟಾರು ಬಿಗಿಯುವ ಮುನ್ನ ಸಂಬಂಧಪಟ್ಟ ಅಧಿಕಾರಿಗಳಲ್ಲಿ ವಿಚಾರಿಸುವುದು ಕ್ಷೇಮ.

ಕೊನೆಯದಾಗಿ ಒಂದು ಮನವಿ. ಹೊರೆ ಹೊತ್ತು ಓಡುವಾಗ ಮೋಟಾರು ಹೇಗಿರುತ್ತದೆಂಬುದು ಡ್ರಮ್ಮಿನಲ್ಲಿ ತಿಳಿಯದು. ಅದಕ್ಕೆ ದೋಣಿಯೂ ಕೆರೆಯೂ ಬೇಕು, ಆದರೆ ನಗರದ ಕೆರೆಗಳಲ್ಲಿ ಅನುಮತಿಯಿಲ್ಲದೆ ಮೋಟಾರು ಇಳಿಸುವಂತಿಲ್ಲ, ಇಳಿಸಲೂಬಾರದು. ಅಗ್ನಿಶಾಮಕ ಮತ್ತು ತುರ್ತು ಸೇವೆಗಳ ಇಲಾಖೆಯಾಗಲಿ ಮೀನುಗಾರಿಕೆ ಇಲಾಖೆಯಾಗಲಿ ಮಳೆಗಾಲಕ್ಕೆ ಮುಂಚೆ ನಗರದ ಹೊರವಲಯದ ಒಂದು ಜಲಾಶಯದಲ್ಲಿ, ತಮ್ಮ ಸಿಬ್ಬಂದಿಯ ಕಣ್ಣೆದುರಿನಲ್ಲಿ, ಸಂಘಗಳು ಕೊಳ್ಳಲಿರುವ ಮೋಟಾರುಗಳನ್ನು ಓಡಿಸಿ ನೋಡಲು ಕೆಲವು ದಿನಗಳನ್ನು ಗೊತ್ತುಮಾಡಬೇಕು. ಇದಕ್ಕೆ ಶುಲ್ಕ ವಿಧಿಸಿದರೂ ಸಂಘಗಳು ಸಂತೋಷದಿಂದಲೇ ಕೊಟ್ಟಾವು.

ಇತಿ,
ನಿವೃತ್ತ ಎಂಜಿನ್ ಮೆಕ್ಯಾನಿಕ್
ಬಸವನಗುಡಿ, ಬೆಂಗಳೂರು